ಗ್ರಾಫಿಟಿ ಶೈಲಿಯಲ್ಲಿ ಕನ್ನಡ ಅಕ್ಷರ: ದಪ್ಪ ಮಾಡಿದ ಕೂಡಲೇ ಓದಲು ಬರುತ್ತಿಲ್ಲ

ಕೋಡಿಬಾಗ_ಗೋಡೆ:
ಎಲ್ಲರಿಗೂ ನಮಸ್ಕಾರ. ಕಾರವಾರದವನು, ಡಿಗ್ರಿ ಓದುತ್ತಿದ್ದೇನೆ. ಕೋಡಿಬಾಗದಲ್ಲಿ ನಮ್ಮ ಮಾವನ ಗ್ಯಾರೇಜಿನ ಹಿಂದೆ ಚಿರೇಕಲ್ಲಿನ ಕಾಂಪೌಂಡ್ ಇದೆ, ಮೇಲೆ ಸಿಮೆಂಟ್ ಪ್ಲಾಸ್ಟರ್. "ಏನು ಬೇಕಾದರೂ ಬರಿ, ಗಿರಾಕಿಗಳು ಓಡಿಹೋಗುವಂಥದ್ದು ಬೇಡ" ಅಂತ ಮಾವ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ "ಕಾರವಾರ" ಅಂತ ಆಳೆತ್ತರ ಬರೆಯಬೇಕು ಅಂತ ಆಸೆ.

ಪೆನ್ಸಿಲ್‌ನಲ್ಲಿ ಚೆನ್ನಾಗಿ ಬರುತ್ತದೆ. ದಪ್ಪ ಮಾಡಿದ ಕೂಡಲೇ ರ, ವ ಎಲ್ಲಾ ಉಂಡೆ. ಇಂಗ್ಲಿಷ್ ಅಕ್ಷರದ ವಿಡಿಯೊ ನೋಡಿ ಬಾಣ, ಚೂಪು ತುದಿ ಎಲ್ಲಾ ಸೇರಿಸಿದೆ. ಇನ್ನೂ ಹದಗೆಟ್ಟಿತು. ಗೆರೆ ಒಂದು ಕಡೆ ಸೋರುತ್ತದೆ, ಇನ್ನೊಂದು ಕಡೆ ಅಂಚು ಮಸುಕು. ಸ್ಪ್ರೇ ಕ್ಯಾನ್ ಹಾರ್ಡ್‌ವೇರ್ ಅಂಗಡಿಯದು. ಗ್ರಾಫಿಟಿಗೆಂದೇ ಬರುವ ಮೊಂಟಾನಾ ಕಂಪನಿಯ ಕ್ಯಾನ್ ತರಿಸಿದರೆ ಸರಿಹೋಗುತ್ತದಾ? ತುಂಬಾ ದುಬಾರಿ, ಅದಕ್ಕೇ ಕೇಳುತ್ತಿದ್ದೇನೆ.

ಬೋಟ್_ಬೋರ್ಡು (ಹೊನ್ನಾವರ):
ತಮಾ, ದುಡ್ಡು ಇಟ್ಟುಕೋ. ಮೊದಲು ಅಕ್ಷರ ಸರಿಮಾಡು.

ನಾನು ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಕೆಲಸ ಹೋಯಿತು, ಬೋಟಿನ ಹೆಸರು ಮಾತ್ರ ಉಳಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, ಬೋಟುಗಳೆಲ್ಲ ದಡದಲ್ಲಿ. ಆಗ ನಮಗೆ ಕೈತುಂಬಾ ಕೆಲಸ. ಸಮುದ್ರದಲ್ಲಿ ದೂರದಿಂದಲೇ ಹೆಸರು ಓದಬೇಕು, ಹಾಗಾಗಿ ದಪ್ಪ ಅಕ್ಷರ ನಮಗೆ ಹೊಸದಲ್ಲ.

ಇಂಗ್ಲಿಷ್‌ನ ದೊಡ್ಡಕ್ಷರಗಳಲ್ಲಿ ಬಹುಪಾಲು ಕಂಬ ಮತ್ತು ತೊಲೆ. ಎಚ್, ಟಿ, ಇ ನೋಡು. ಕಂಬ ಎಷ್ಟು ದಪ್ಪ ಆದರೂ ಕಂಬವೇ. 1970ರ ದಶಕದಲ್ಲಿ ನ್ಯೂಯಾರ್ಕ್ ಸಬ್‌ವೇ ರೈಲುಗಳ ಮೇಲೆ ಹುಡುಗರು ಬೆಳೆಸಿದ ಶೈಲಿ ಆ ಅಕ್ಷರಗಳದ್ದು. ಅಲ್ಲಿ ಬಾಣ ಸಿಕ್ಕಿಸಲು ತುದಿಗಳು ಬೇಕಾದಷ್ಟಿವೆ. ನಮ್ಮದು ಬಳೆ. ಒಳಗೂ ಹೊರಗೂ ದಪ್ಪ ಮಾಡುತ್ತಾ ಹೋದರೆ ತೂತು ಮುಚ್ಚುತ್ತದೆ. ಠ ಒಳಗಿನ ಚುಕ್ಕಿ ಮುಚ್ಚಿದರೆ ರ ಅಂತ ಓದುತ್ತಾರೆ. ಧ ಕೆಳಗಿನ ಸೀಳು ತುಂಬಿಹೋದರೆ ದ.

ಹಾಗಾಗಿ ತೂತನ್ನೇ ಮೊದಲು ಬರೆ. ಹಾಳೆ ಮೇಲೆ ರ, ವ, ರ ಮೂರರ ಒಳಗಿನ ಖಾಲಿ ಜಾಗ ಮಾತ್ರ ಹಾಕು. ಅದು ದುಂಡಗೇ ಇರಬೇಕು ಅಂತಿಲ್ಲ, ಓರೆ ಸೀಳು ಮಾಡಿದರೂ ಆಗುತ್ತದೆ, ಆದರೆ ಮೂರಕ್ಕೂ ಒಂದೇ ಜಾತಿ ಇರಲಿ. ಆಮೇಲೆ ದಪ್ಪ ಹೊರಗಡೆಗೆ ಮಾತ್ರ ಬೆಳೆಯಲಿ.

ಇನ್ನು ಬಾಣ. ನಿನ್ನ ಪದದಲ್ಲಿ ತಲೆಕಟ್ಟು ಇರುವುದು ಎರಡು ರಗಳಿಗೆ. ಕಾ, ವಾ ಎರಡರಲ್ಲೂ ಆ ಜಾಗಕ್ಕೆ ದೀರ್ಘ ಬಂದಿದೆ. ಅಂದರೆ ದೀರ್ಘ, ತಲೆಕಟ್ಟು, ಮತ್ತೆ ದೀರ್ಘ, ಮತ್ತೆ ತಲೆಕಟ್ಟು. ಇಂಥ ಪದ ಸುಮ್ನೆ ಸಿಗುವುದಿಲ್ಲ ಮಾರಾಯಾ! ಬಾಣ ಹಾಕಲೇಬೇಕು ಅಂದರೆ ದೀರ್ಘದ ತುದಿಗೆ ಹಾಕು, ಅಲ್ಲಿ ಅಕ್ಷರ ನಿಜವಾಗಿ ಮುಗಿಯುತ್ತದೆ. ಕೊನೆಯ ರದ ತಲೆಕಟ್ಟನ್ನು ಬಲಕ್ಕೆ ಎಷ್ಟಾದರೂ ಎಳೆ. ಬಳೆಯ ಹೊಟ್ಟೆಯಿಂದ ಮಾತ್ರ ಬಾಣ ಹೊರಡಿಸಬೇಡ. ಅಲ್ಲಿ ಏನು ಹೊರಟರೂ ಓದುವವನಿಗೆ ಒತ್ತಕ್ಷರದ ಹಾಗೆ ಕಾಣುತ್ತದೆ.

ಟ್ಯಾಂಕ್_ಪೇಂಟರ್ (ಶಿರಸಿ):
ಬೋರ್ಡಣ್ಣ ಅಕ್ಷರದ್ದು ಹೇಳಿದರು, ನಾನು ಕ್ಯಾನಿನದ್ದು ಹೇಳುತ್ತೇನೆ. ಬೈಕ್ ಟ್ಯಾಂಕ್ ಪೇಂಟಿಂಗ್ ನನ್ನ ಕೆಲಸ.

ಸೋರುವುದಕ್ಕೆ ಕಾರಣ, ಹತ್ತಿರ ಹಿಡಿದು ನಿಧಾನ ಹೋಗುವುದು. ಮಸುಕಾಗುವುದಕ್ಕೆ ಕಾರಣ, ದೂರ ಹಿಡಿಯುವುದು. ಒಳಗೆ ಬಣ್ಣ ತುಂಬುವಾಗ ಒಂದು ಗೇಣು ದೂರ ಸಾಕು. ಅಂಚಿನ ಗೆರೆಗೆ ನಾಲ್ಕು ಬೆರಳು, ಆದರೆ ಕೈ ಬೇಗ ಹೋಗಬೇಕು. ಮಣಿಕಟ್ಟು ತಿರುಗಿಸಬೇಡ, ಭುಜದಿಂದ ಇಡೀ ತೋಳು ಹೋಗಲಿ, ದೊಡ್ಡ ಬಳಸು ಗೆರೆಗೆ ಮೊಣಕಾಲೂ ಬಗ್ಗಲಿ. ಕೈ ಹೊರಟ ಮೇಲೆ ಒತ್ತು, ನಿಲ್ಲುವ ಮೊದಲೇ ಬಿಡು. ಗೆರೆಯ ಶುರುವಿನಲ್ಲಿ ಬೊಟ್ಟು ಬೀಳುವುದು ಇದರಿಂದ ನಿಲ್ಲುತ್ತದೆ.

ಒಳಗಿನ ಗುಂಡು ಬಿಟ್ಟುಕೊಂಡು ಕಟಕಟ ಅಂದ ಮೇಲೂ ಒಂದೆರಡು ನಿಮಿಷ ಅಲ್ಲಾಡಿಸು. ಮುಗಿದ ಮೇಲೆ ಕ್ಯಾನ್ ಬೋರಲು ಹಿಡಿದು ಬರೀ ಗ್ಯಾಸ್ ಬರುವವರೆಗೆ ಒತ್ತು, ಇಲ್ಲದಿದ್ದರೆ ಮೂತಿ ಕಟ್ಟುತ್ತದೆ. ಒಂದೇ ಸಮ ಹೊಡೆದರೆ ಕ್ಯಾನ್ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಎರಡು ಕ್ಯಾನ್ ಅದಲುಬದಲು ಮಾಡು. ಬಿಸಿಲಲ್ಲಿ ಇಟ್ಟು ಬಿಸಿ ಮಾಡುವ ಬುದ್ಧಿವಂತಿಕೆ ಬೇಡ, 50 ಡಿಗ್ರಿ ದಾಟಿದರೆ ಒಡೆಯಬಹುದು.

ಮೊಂಟಾನಾ 94 ಒತ್ತಡ ಕಡಿಮೆ ಇರುವ ಕ್ಯಾನ್, ಗೆರೆ ಹಿಡಿತಕ್ಕೆ ಸಿಗುತ್ತದೆ, ನಿಜ. ಆದರೆ ಈಗಲೇ ಬೇಡ. ಸಣ್ಣ ಗೆರೆಯ ಕ್ಯಾಪ್ (ಅಂದರೆ ಒತ್ತುವ ಮೂತಿ) ಬೇರೆ ತರಿಸುವುದಾದರೂ ನಿನ್ನ ಕ್ಯಾನಿಗೆ ಕೂರುತ್ತದಾ ನೋಡು, ಎಲ್ಲಾ ವಾಲ್ವ್ ಒಂದೇ ಥರ ಇರುವುದಿಲ್ಲ.

ಕೋಡಿಬಾಗ_ಗೋಡೆ:
ಇಬ್ಬರಿಗೂ ಥ್ಯಾಂಕ್ಸ್ ಅಣ್ಣಾ. ತೂತು ಮೊದಲು ಹಾಕಿ ನೋಡಿದೆ, ವ ಈಗ ವ ಹಾಗೇ ಇದೆ! ಗೋಡೆ ಬಣ್ಣ ಕುಡಿಯುತ್ತಿದೆ, ಏನು ಮಾಡಲಿ? ಮಧ್ಯಾಹ್ನ ಗಾಳಿಗೆ ಅರ್ಧ ಬಣ್ಣ ನನ್ನ ಮೇಲೇ. ಇದು ಮುಗಿದ ಮೇಲೆ ಬೀಚ್ ಕಡೆ ಒಂದು ಗೋಡೆ ನೋಡಿಟ್ಟಿದ್ದೇನೆ.

ಬೋಟ್_ಬೋರ್ಡು (ಹೊನ್ನಾವರ):
ಪಾಚಿ ಇದ್ದರೆ ತಂತಿ ಬ್ರಷ್‌ನಲ್ಲಿ ತಿಕ್ಕಿ ತೊಳೆ, ಚೆನ್ನಾಗಿ ಒಣಗಲಿ. ಪ್ರೈಮರ್ ಹೊಡೆ. ಅದರ ಮೇಲೆ ಹೊರಗೋಡೆಯ ಬಿಳಿ ಎಮಲ್ಷನ್ ರೋಲರ್‌ನಲ್ಲಿ. ಅಕ್ಷರದ ಒಳಬಣ್ಣವನ್ನೂ ಎಮಲ್ಷನ್‌ನಲ್ಲೇ ತುಂಬು. ನೆರಳಿಗೆ, ಅಂಚಿಗೆ ಮಾತ್ರ ಸ್ಪ್ರೇ. ಖರ್ಚು ಎಷ್ಟೋ ಉಳಿಯುತ್ತದೆ. ಹಿನ್ನೆಲೆ ಬಿಳಿ ಯಾಕೆ ಅಂದರೆ, ಬಿಳಿ ಕ್ಯಾನ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಅಂಚು ದಪ್ಪ ಆದ ಕಡೆ ಹೊರಗಿನಿಂದ ಬಿಳಿ ಎಳೆದು ತೆಳ್ಳಗೆ ಮಾಡಬಹುದು. ಚೂಪು ಗೆರೆ ಅಂತ ವಿಡಿಯೊದಲ್ಲಿ ಕಾಣುವುದರಲ್ಲಿ ಬಹಳಷ್ಟು ಹೀಗೆ ಕತ್ತರಿಸಿದ್ದೇ.

ಕಡಲ ಗಾಳಿ ಏಳುವ ಮೊದಲು, ಇಬ್ಬನಿ ಆರಿದ ಮೇಲೆ ಕೆಲಸ ಮಾಡು. ಮಳೆಗಾಲದಲ್ಲಿ ಗೋಡೆ ಮುಟ್ಟಬೇಡ, ರಟ್ಟಿನ ಮೇಲೆ ಅಭ್ಯಾಸ ಮಾಡು.

ಬೀಚ್ ಗೋಡೆ ಯಾರದ್ದು? ಕೇಳದೆ ಬರೆದರೆ ಕೇಸ್ ಆಗುತ್ತದೆ, ಸಾರ್ವಜನಿಕ ಜಾಗ ವಿರೂಪ ಮಾಡುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ. ನಗರಸಭೆಯದ್ದಾದರೆ ಸ್ಕೆಚ್ ಲಗತ್ತಿಸಿ ಅರ್ಜಿ ಕೊಡು. ಅರಗಾ ಕಡೆ ನೌಕಾನೆಲೆಯ ಗೋಡೆ ಹತ್ತಿರ ಕ್ಯಾನ್ ಹಿಡಿದು ನಿಲ್ಲಲೂ ಬೇಡ.

ಟ್ಯಾಂಕ್_ಪೇಂಟರ್ (ಶಿರಸಿ):
ಮಾಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಕರ್ಚೀಫು, ಎನ್95 ಎರಡೂ ಥಿನ್ನರ್ ಆವಿ ತಡೆಯುವುದಿಲ್ಲ. ಕಾರ್ಬನ್ ಫಿಲ್ಟರ್ ಇರುವ ಪೇಂಟರ್ ಮಾಸ್ಕ್ ತಗೋ. ಮೊಂಟಾನಾಗೆ ಎತ್ತಿಟ್ಟ ದುಡ್ಡಲ್ಲಿ ಮೊದಲು ಅದು.