ತಂಗಿ ಕಝಾನ್‌ಗೆ ಎಂಬಿಬಿಎಸ್ ಓದಲು ಹೊರಟಿದ್ದಾಳೆ, ಅಲ್ಲಿ ದಿನ ಹೇಗಿರುತ್ತೆ?

ಬೇಲೇಕೇರಿ_ಅಣ್ಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಅಂಕೋಲಾ ಹತ್ತಿರ. ತಂಗಿಗೆ ನೀಟ್‌ನಲ್ಲಿ ಪಾಸಾಗುವಷ್ಟು ಅಂಕ ಬಂತು, ಸರ್ಕಾರಿ ಸೀಟು ಸಿಗುವಷ್ಟು ಬರಲಿಲ್ಲ. ಖಾಸಗಿ ಕಾಲೇಜಿನ ಫೀಸು ಕೇಳಿ ಬಂದ ದಿನ ಅಪ್ಪ ರಾತ್ರಿ ಊಟಕ್ಕೇ ಏಳಲಿಲ್ಲ. ಕೊನೆಗೆ ರಷ್ಯಾದ ಕಝಾನ್ ಅಂತ ತೀರ್ಮಾನ ಆಗಿದೆ. ಸೆಪ್ಟೆಂಬರ್‌ಗೆ ಕ್ಲಾಸು ಶುರು.

ಫೀಸು, ವೀಸಾ, ಕಾಲೇಜಿನ ಮಾನ್ಯತೆ ಇದನ್ನೆಲ್ಲ ನಾನೇ ಕುಳಿತು ನೋಡಿದ್ದೇನೆ. ನಾನು ಕೇಳುತ್ತಿರುವುದು ಬೇರೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅಲ್ಲಿ ಏನೇನಾಗುತ್ತೆ? ಏಜೆಂಟ್‌ಗೆ ಏನು ಕೇಳಿದರೂ "ಪಾಠ ಎಲ್ಲ ಇಂಗ್ಲಿಷ್‌ನಲ್ಲಿ, ಇಂಡಿಯನ್ ಮೆಸ್ ಇದೆ, ಏನೂ ತೊಂದರೆ ಇಲ್ಲ" ಅನ್ನುವ ಒಂದೇ ಉತ್ತರ. ತೊಂದರೆ ಏನು ಅಂತ ಗೊತ್ತಿದ್ದರೆ ತಯಾರಾಗಬಹುದು, ಏನೂ ಇಲ್ಲ ಅಂದರೆ ಭಯ ಜಾಸ್ತಿ ಆಗುತ್ತದೆ ಅಲ್ವಾ. ಇವಳು ಮನೆ ಬಿಟ್ಟು ಇದ್ದದ್ದು ಅಂದರೆ ಪಿಯುಸಿಗೆ ಧಾರವಾಡದಲ್ಲಿ ಎರಡು ವರ್ಷ. ಆಗಲೂ ಹದಿನೈದು ದಿನಕ್ಕೊಮ್ಮೆ ಅರಬೈಲ್ ಘಟ್ಟ ಇಳಿದು ಮನೆಗೆ ಬಂದುಬಿಡುತ್ತಿದ್ದಳು.

ಆಯಿ ಈಗಲೇ ಹಪ್ಪಳ, ಒಣ ಸಿಗಡಿ, ಉಪ್ಪಿನಕಾಯಿ ಅಂತ ಕಟ್ಟಿಡಲು ಶುರು ಮಾಡಿದ್ದಾರೆ. ಏನು ಕಳಿಸಬೇಕು, ಏನು ಬೇಡ? ಚಳಿ ಹೇಗೆ? ಓದಿನ ಒತ್ತಡ ಹೇಗೆ? ಅಲ್ಲಿದ್ದು ಬಂದವರು, ಮಕ್ಕಳನ್ನು ಕಳಿಸಿದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಅಘನಾಶಿನಿ_ದಂಡೆ:

ಅಣ್ಣಾ, ನಾನು ಕಝಾನ್‌ನಲ್ಲೇ ನಾಲ್ಕನೇ ವರ್ಷ ಮುಗಿಸಿದ್ದೇನೆ. ಊರು ಕುಮಟಾ. ಈಗ ರಜೆಗೆ ಬಂದಿದ್ದೇನೆ, ಹೊರಗೆ ಮಳೆ ಬಿಡುತ್ತಿಲ್ಲ, ಹಾಗಾಗಿ ಸಮಾಧಾನವಾಗಿ ಬರೆಯುತ್ತೇನೆ.

ಮೊದಲು ಚಳಿ. ಜನವರಿಯಲ್ಲಿ ಮೈನಸ್ 20 ಆಗುವ ದಿನಗಳಿವೆ. ಆದರೆ ಒಳಗೆ ಚಳಿ ಇಲ್ಲ. ಪ್ರತಿ ಕೋಣೆಯ ಕಿಟಕಿ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ಪೈಪಿನ ಸಾಲು ಇರುತ್ತದೆ, ಅದಕ್ಕೆ ಬತರೇಯಾ ಅಂತಾರೆ. ಒದ್ದೆ ಬಟ್ಟೆ ರಾತ್ರಿ ಅದರ ಮೇಲೆ ಹಾಕಿದರೆ ಬೆಳಿಗ್ಗೆ ಹಪ್ಪಳದ ಹಾಗೆ ಗರಿಗರಿ. ನಮ್ಮ ಮಳೆಗಾಲದ ವಾಸನೆ ಹಿಡಿದ ಬಟ್ಟೆ ನೆನೆಸಿಕೊಂಡು ಮೊದಲ ವಾರ ನನಗೆ ಅದೇ ದೊಡ್ಡ ಸಂತೋಷ. ಹೊರಗಿನ ಚಳಿಗೆ ಅಂತ ಹುಬ್ಬಳ್ಳಿಯಲ್ಲಿ ದುಬಾರಿ ಜಾಕೆಟ್ ತೆಗೆಯಬೇಡಿ, ಅದು ಅಲ್ಲಿನ ಚಳಿಗೆ ಸಾಲುವುದಿಲ್ಲ. ಥರ್ಮಲ್, ಉಣ್ಣೆ ಸಾಕ್ಸ್ ಇಲ್ಲಿಂದ ಸಾಕು. ಜಾಕೆಟ್ ಮತ್ತು ಮಂಜಿನ ಮೇಲೆ ಜಾರದ ಬೂಟು ಅಲ್ಲೇ ಸೀನಿಯರ್‌ಗಳ ಜೊತೆ ಹೋಗಿ ತೆಗೆಯಲಿ.

ನನಗೆ ಚಳಿಗಿಂತ ಕಷ್ಟ ಆದದ್ದು ಕತ್ತಲೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟರ ಕ್ಲಾಸಿಗೆ ಹೊರಡುವಾಗ ಕತ್ತಲೆ, ಮಧ್ಯಾಹ್ನ ಮೂರು ದಾಟಿದರೆ ಮತ್ತೆ ಕತ್ತಲೆ. ಮೊದಲ ವರ್ಷ ಏನೂ ಕಾರಣ ಇಲ್ಲದೆ ಅಳು ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಆಮೇಲೆ ಸೀನಿಯರ್ ಅಕ್ಕ ಒಬ್ಬರು ದಿನಾ ಬೆಳಕಿರುವಾಗ ಒತ್ತಾಯ ಮಾಡಿ ಇಪ್ಪತ್ತು ನಿಮಿಷ ನಡೆಸಲು ಶುರು ಮಾಡಿದರು, ಡಾಕ್ಟರ್‌ಗೆ ತೋರಿಸಿ ವಿಟಮಿನ್ ಡಿ ಕೊಡಿಸಿದರು. ನಿಧಾನಕ್ಕೆ ಸರಿಹೋಯಿತು. ತಂಗಿಗೆ ಇದನ್ನು ಮೊದಲೇ ಹೇಳಿಡಿ. ಗೊತ್ತಿದ್ದರೆ "ನನಗೇ ಏನೋ ಆಗಿದೆ" ಅಂತ ಹೆದರುವುದಿಲ್ಲ.

ಕಾಲೇಜಿಗೆ ಹೋದ ಕೂಡಲೇ ಜಾಕೆಟ್ ಬಿಚ್ಚಿ ಗಾರ್ದೆರೋಬ್‌ನಲ್ಲಿ ಕೊಟ್ಟು ನಂಬರ್ ಬಿಲ್ಲೆ ತಗೊಳ್ಳಬೇಕು. ಜಾಕೆಟ್ ಹಾಕಿಕೊಂಡು ಕ್ಲಾಸಿಗೆ ಬಿಡುವುದಿಲ್ಲ. ಬಿಳಿ ಕೋಟು ದಿನಾ ಬೇಕು. ಕ್ಲಾಸೆಂದರೆ ಹತ್ತು ಹದಿನೈದು ಜನರ ಚಿಕ್ಕ ಗುಂಪು, ಹಿಂದೆ ಕೂತು ಕಳೆಯುವ ಹಾಗೇ ಇಲ್ಲ, ದಿನಾ ಪ್ರಶ್ನೆ ಕೇಳುತ್ತಾರೆ. ಒಂದು ಕ್ಲಾಸ್ ತಪ್ಪಿದರೆ, ಜ್ವರ ಬಂದು ತಪ್ಪಿದ್ದರೂ ಸರಿ, ಆಮೇಲೆ ಆ ಪಾಠ ಓದಿ ಹೋಗಿ ಒಪ್ಪಿಸಬೇಕು. ಇದಕ್ಕೆ ಅತ್ರಬೋತ್ಕಾ ಅಂತಾರೆ. ನಾಲ್ಕೈದು ಸೇರಿಕೊಂಡರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಯೂ ಹೆಚ್ಚು ಬಾಯಿಮಾತಿನಲ್ಲೇ. ಮೇಜಿನ ಮೇಲೆ ಚೀಟಿ ಮಗುಚಿಟ್ಟಿರುತ್ತಾರೆ, ಒಂದು ಎತ್ತಬೇಕು, ಸ್ವಲ್ಪ ಹೊತ್ತು ಯೋಚಿಸಿ ಟೀಚರ್ ಎದುರು ಕುಳಿತು ಹೇಳಬೇಕು. ಇಲ್ಲಿ ಬರೀ ಟಿಕ್ ಹಾಕಿ ಬಂದವರಿಗೆ ಇದು ಪೂರ್ತಿ ಹೊಸತು. ಕನ್ನಡಿ ಎದುರಾದರೂ ಸರಿ, ದಿನಾ ಜೋರಾಗಿ ಹೇಳಿ ಅಭ್ಯಾಸ ಮಾಡಲಿ.

ಈಗ ನಿಜವಾಗಿ ಹೇಳಬೇಕಾದದ್ದು. ಪಾಠ ಇಂಗ್ಲಿಷ್‌ನಲ್ಲಿ ಅನ್ನುವುದು ಸುಳ್ಳಲ್ಲ. ಆದರೆ ರೋಗಿ ಇಂಗ್ಲಿಷ್‌ನಲ್ಲಿ ಮಾತಾಡುವುದಿಲ್ಲ. ಮೂರನೇ ವರ್ಷದಿಂದ ವಾರ್ಡಿಗೆ ಕಳಿಸುತ್ತಾರೆ. ನನ್ನ ಮೊದಲ ರೋಗಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಎದೆಯ ನಡುವೆ ಅಂಗೈ ಇಟ್ಟುಕೊಂಡು "ಝೋತ್, ಝೋತ್" ಅಂದರು. ನನಗೆ ಗೊತ್ತಿದ್ದದ್ದು ಬಾಲೀತ್, ಅಂದರೆ ನೋವು, ಅದೊಂದೇ. ಅದನ್ನೇ ಬರೆದುಕೊಂಡೆ. ಮೇಡಂ ನೋಡಿ ಬೈಯಲಿಲ್ಲ. ಅಜ್ಜಿಯ ಪಕ್ಕದಲ್ಲೇ ನನ್ನನ್ನು ಕೂರಿಸಿ, ಝೋತ್ ಅಂದರೆ ಉರಿ, ದಾವಿತ್ ಅಂದರೆ ಒತ್ತಿ ಹಿಡಿದ ಹಾಗೆ, ಬಾಲೀತ್ ಅಂದರೆ ನೋವು, ಮೂರೂ ಒಂದೇ ಅಂತ ಬರೆದರೆ ಹೊಟ್ಟೆಯ ಆಮ್ಲಕ್ಕೂ ಹೃದಯಕ್ಕೂ ವ್ಯತ್ಯಾಸ ಹೇಗೆ ಹುಡುಕುತ್ತೀ ಅಂತ ಕೇಳಿದರು. ನಮ್ಮಜ್ಜಿಯೂ "ಎದೆ ಉರಿ" ಬೇರೆ, "ಎದೆ ಹಿಡಿದ ಹಾಗೆ" ಬೇರೆ ಅಂತ ಹೇಳುತ್ತಿದ್ದರಲ್ಲ, ಅವತ್ತು ಅದು ತಲೆಗೆ ಹೋಯಿತು. ಆ ದಿನದಿಂದ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ. ರೋಗಿ ಹೇಳಿದ ಪದ ಕನ್ನಡ ಅಕ್ಷರದಲ್ಲಿ ಹಾಗೇ ಬರೆಯುವುದು, ಪಕ್ಕದಲ್ಲಿ ಕನ್ನಡದ ಅರ್ಥ. ಈಗ ಮೂರನೇ ಪುಸ್ತಕ ನಡೆಯುತ್ತಿದೆ.

ಇನ್ನೊಂದು. ರೋಗಿಯನ್ನು ಬಾಬುಶ್ಕಾ, ಅಂದರೆ ಅಜ್ಜಿ, ಅಂತ ಕರೆಯಬಾರದು. ನಮ್ಮ ಕಡೆ ಅಜ್ಜಿ ಅಂದರೆ ಪ್ರೀತಿ, ಅಲ್ಲಿ ಆಸ್ಪತ್ರೆಯಲ್ಲಿ ಹಾಗೆ ಕರೆದರೆ ಮರ್ಯಾದೆ ಅಲ್ಲ. ಅವರ ಹೆಸರು ಮತ್ತು ಅವರ ತಂದೆಯ ಹೆಸರಿನಿಂದ ಬಂದ ಹೆಸರು, ಎರಡೂ ಸೇರಿಸಿ ಕರೆಯಬೇಕು.

ಕೋಡಿಬಾಗ:

ಕಾರವಾರದವನು, ಅಲ್ಲೇ ಎರಡನೇ ವರ್ಷ. ಮೇಲೆ ಅಕ್ಕ ಎಲ್ಲ ಹೇಳಿದ್ದಾರೆ, ನಾನು ಊಟದ ಬಗ್ಗೆ ಮಾತ್ರ ಹೇಳುತ್ತೇನೆ.

ಒಣ ಸಿಗಡಿ ಬೇಡ. ಅಡುಗೆಮನೆ ಇಡೀ ಮಹಡಿಗೆ ಒಂದೇ. ಹುರಿದರೆ ವಾಸನೆ ಎಲ್ಲರ ಕೋಣೆಗೂ ಹೋಗುತ್ತದೆ, ಬೇರೆ ದೇಶದ ಹುಡುಗರಿಗೆ ತಡೆಯಲು ಆಗುವುದಿಲ್ಲ, ಸುಮ್ನೆ ಜಗಳ. ಮೀನಿಗೆ ಚಿಂತೆ ಬೇಡ. ಅಂಗಡಿಯ ಫ್ರೀಜರ್‌ನಲ್ಲಿ ಸ್ಕುಂಬ್ರಿಯಾ ಅಂತ ಸಿಗುತ್ತದೆ, ನಮ್ಮ ಬಾಂಗಡೆಯ ಕುಟುಂಬದ್ದೇ, ಅದಕ್ಕಿಂತ ದೊಡ್ಡದು, ಕೊಬ್ಬು ಜಾಸ್ತಿ. ಬೆನ್ನಿನ ಮೇಲೆ ನೀಲಿ ಹಸಿರು ಗೆರೆ ನೋಡಿದಾಗ ಅಂಗಡಿಯಲ್ಲೇ ಅಮ್ಮನಿಗೆ ಫೋಟೋ ಕಳಿಸಿದ್ದೆ. ಕೇಕಿಗೆ ಹಾಕುವ ಸಾಮಾನಿನ ಸಾಲಿನಲ್ಲಿ ಒಣ ತೆಂಗಿನ ತುರಿಯ ಪೊಟ್ಟಣ ಇರುತ್ತದೆ, ಅದನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬಿದರೆ ಆಮಟಿಗೆ, ಅಂದರೆ ನಮ್ಮ ಸಾರಿಗೆ, ಆಗುತ್ತದೆ. ಹುಳಿ ಮಾತ್ರ ಊರಿಂದಲೇ ಬೇಕು. ಮುರುಗಲು ಸಿಪ್ಪೆ, ಮಸಾಲೆ ಪುಡಿ, ತೊಗರಿಬೇಳೆ, ಚಿಕ್ಕ ಮಿಕ್ಸಿ, ಇಷ್ಟು ಇದ್ದರೆ ಸಾಕು. ಕೆಂಪು ಮಸೂರ ಬೇಳೆ ಅಲ್ಲೇ ಸಿಗುತ್ತದೆ. ನನ್ನ ರೂಮ್‌ಮೇಟ್ ಶಿರಸಿ ಕಡೆಯವನು, ಮೀನು ಮುಟ್ಟುವುದಿಲ್ಲ. ಅವನು ಕೆಫೀರ್ ಅನ್ನುವ ಹುಳಿ ಹಾಲನ್ನು ಮಜ್ಜಿಗೆಯ ಹಾಗೆ ತೆಳ್ಳಗೆ ಮಾಡಿ, ಮನೆಯಿಂದ ತಂದ ಒಣ ಒಂದೆಲಗದ ಪುಡಿ ಹಾಕಿ ತಂಬುಳಿ ಮಾಡುತ್ತಾನೆ. ಚೆನ್ನಾಗಿರುತ್ತದೆ.

ಚಳಿಗಾಲದಲ್ಲಿ ಕಝಾಂಕಾ ನದಿ ಗಟ್ಟಿಯಾದ ಮೇಲೆ ಜನ ಮಂಜುಗಡ್ಡೆಗೆ ತೂತು ಕೊರೆದು, ಚಿಕ್ಕ ಮಣೆ ಹಾಕಿಕೊಂಡು, ಗಾಳ ಬಿಟ್ಟು ಕೂರುತ್ತಾರೆ. ಕಾಳಿ ನದಿಯಲ್ಲಿ ಗಾಳ ಹಾಕಿ ಬೆಳೆದವನಿಗೆ ಅದನ್ನು ನೋಡುತ್ತಾ ನಿಂತರೆ ಮನೆ ನೆನಪು ಸ್ವಲ್ಪ ಕಡಿಮೆ ಆಗುತ್ತದೆ.

ಘಟ್ಟದ_ಡಾಕ್ಟರ್:

ನಾನು ರಷ್ಯಾದ ಬೇರೆ ಊರಲ್ಲಿ ಓದಿ ಬಂದವನು, ಈಗ ಸಿದ್ದಾಪುರ ಕಡೆ ಕೆಲಸ. ತಮ್ಮಾ, ಮಾನ್ಯತೆ ನೋಡಿದ್ದೇನೆ ಅಂದಿದ್ದೀರಿ, ಆದರೂ ಒಂದು ವಿಷಯ ಮತ್ತೊಮ್ಮೆ ನೋಡಿ. 2021ರ ನವೆಂಬರ್ 18ರ ಎನ್‌ಎಂಸಿ (ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲೇ ವೈದ್ಯ ವೃತ್ತಿ ಮಾಡಲು ಅರ್ಹತೆ ಕೊಡುವ ಪದವಿ ಆಗಿರಬೇಕು. ಊರಿಗೆ ಬಂದ ಮೇಲೆ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಅಲ್ಲಿನ ಇಂಟರ್ನ್‌ಶಿಪ್ ಹೇಗೆ ಕೊಡುತ್ತಾರೆ ಅನ್ನುವುದನ್ನು ಕಾಲೇಜಿನಿಂದ ಬರಹದಲ್ಲಿ ತಗೊಳ್ಳಿ, ಏಜೆಂಟ್ ಬಾಯಿಮಾತು ಸಾಲದು.

ಆಮೇಲೆ ಎಫ್‌ಎಂಜಿಇ, ಅಂದರೆ ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಡಾಕ್ಟರ್ ಆಗಲು ಬರೆಯಬೇಕಾದ ಪರೀಕ್ಷೆ. 300 ಪ್ರಶ್ನೆ, ಪಾಸಾಗಲು 150. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಕೇಳಿದರೆ ಸುಲಭ ಅನ್ನಿಸುತ್ತದೆ, ಆದರೆ ಬರೆದವರಲ್ಲಿ ಹೆಚ್ಚಿನವರು ಪಾಸಾಗುವುದಿಲ್ಲ. ನಾನೇ ಮೂರನೇ ಸಲಕ್ಕೆ ಪಾಸಾದೆ. ಯಾಕೆಂದರೆ ಐದು ವರ್ಷ ಅಲ್ಲಿನ ಪರೀಕ್ಷೆಗೆ ಮಾತ್ರ ಓದಿದ್ದೆ. ಇಲ್ಲಿನ ಲಸಿಕೆ ಪಟ್ಟಿ, ಕ್ಷಯದ ಚಿಕಿತ್ಸೆ, ಹಾವು ಕಡಿತ, ಇಲಿಜ್ವರ, ಇವೆಲ್ಲ ಅಲ್ಲಿ ದಿನಾ ಕಣ್ಣಿಗೆ ಬೀಳುವುದಿಲ್ಲ. ಕೊಳಕುಮಂಡಲ ಕಡಿದರೆ ಏನಾಗುತ್ತದೆ, ಕಟ್ಟುಹಾವು ಕಡಿದರೆ ಏನಾಗುತ್ತದೆ ಅನ್ನುವುದು ನನಗೆ ತೋಟದ ಕೆಲಸದವರಿಂದ ಗೊತ್ತಿತ್ತೇ ಹೊರತು ಪಾಠದಿಂದಲ್ಲ. ಮೊದಲ ವರ್ಷದಿಂದಲೇ ದಿನಕ್ಕೆ ಒಂದು ಗಂಟೆ ಇಲ್ಲಿನ ಪುಸ್ತಕ ಓದಲಿ. ಅಷ್ಟೇ ಸಾಕು, ಆದರೆ ದಿನಾ ಆಗಬೇಕು.

ಅಲ್ಲಿಂದ ತರುವುದೂ ಇದೆ. ಮೇ ತಿಂಗಳಲ್ಲಿ ಮಂಜು ಕರಗಿದ ಮೇಲೆ ಅಲ್ಲಿ ಉಣುಗು ಕಚ್ಚಿಸಿಕೊಂಡವರು ಆಸ್ಪತ್ರೆಗೆ ಬರುತ್ತಿದ್ದರು. ಉಣುಗಿನಿಂದ ಮೆದುಳು ಜ್ವರ ಬರುತ್ತದೆ, ಅದಕ್ಕೆ ಲಸಿಕೆ ಇದೆ. ನಮ್ಮ ಪ್ರೊಫೆಸರ್ ಆ ವೈರಸ್ಸಿನ ಕುಟುಂಬ ಬೋರ್ಡಿನ ಮೇಲೆ ಬರೆಯುತ್ತಾ ಕೊನೆಯಲ್ಲಿ "ಕ್ಯಾಸನೂರು" ಅಂತ ಬರೆದರು. ಇಡೀ ಕ್ಲಾಸಿನಲ್ಲಿ ಆ ಹೆಸರು ಸರಿಯಾಗಿ ಓದಿದವನು ನಾನೊಬ್ಬ. ನಮ್ಮ ಮಂಗನ ಕಾಯಿಲೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ನನ್ನ ಮಾವ ಇದೇ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಅಲ್ಲಿ ಉಣುಗನ್ನು ಚಿಮಟದಿಂದ ಹೇಗೆ ತೆಗೆಯಬೇಕು, ಮನೆಯವರಿಗೆ ಏನು ಹೇಳಬೇಕು ಅಂತ ಕಲಿತದ್ದನ್ನೇ ಇವತ್ತು ಇಲ್ಲಿ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಹೇಳುತ್ತೇನೆ. ಮತ್ತೆ ಆ ಕುಮಟಾ ತಂಗಿ ಬರೆದದ್ದು ನೂರಕ್ಕೆ ನೂರು ನಿಜ. ನಮ್ಮ ಜೊತೆ ಭಾಷೆ ಕಲಿಯದೆ ಉಳಿದವರು ವಾರ್ಡಿನಲ್ಲಿ ಗೋಡೆಗೆ ಒರಗಿ ನಿಂತೇ ಮೂರು ವರ್ಷ ಕಳೆದರು. ರೋಗಿಯ ಹೊಟ್ಟೆ ಮುಟ್ಟಿ ನೋಡದೆ ಡಾಕ್ಟರ್ ಆಗಲು ಆಗುವುದಿಲ್ಲ. ಮುಟ್ಟುವ ಮೊದಲು ಒಂದು ಮಾತು ಆಡಲೇಬೇಕು.

ಶರಾವತಿ_ಅಪ್ಪ:

ಹೊನ್ನಾವರ. ಮಗಳು ರಷ್ಯಾದಲ್ಲಿ ಮೂರನೇ ವರ್ಷ. ಮನೆಯವರ ಕಡೆಯ ಮಾತು ಎರಡು ಹೇಳುತ್ತೇನೆ.

2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡ್‌ಗಳು ಅಲ್ಲಿ ನಡೆಯುವುದಿಲ್ಲ. ಇಲ್ಲಿನ ಬ್ಯಾಂಕ್ ಕಾರ್ಡ್ ನಂಬಿ ಕಳಿಸಬೇಡಿ. ಮೊದಲ ತಿಂಗಳಿಗೆ ಬೇಕಾದಷ್ಟು ನಗದು ಕೈಯಲ್ಲಿರಲಿ, ಹೋದ ಕೂಡಲೇ ಅಲ್ಲಿನ ಬ್ಯಾಂಕ್ ಖಾತೆ ಮಾಡಿಸಲಿ. ವಿಮಾನ ನಿಲ್ದಾಣದಲ್ಲಿ ಕೊಡುವ ಮೈಗ್ರೇಶನ್ ಕಾರ್ಡ್ ಚಿಕ್ಕ ಕಾಗದ, ಪಾಸ್‌ಪೋರ್ಟ್ ಒಳಗೇ ಇಡಲಿ, ಕಳೆಯಬಾರದು. 2025ರ ಆಗಸ್ಟ್‌ನಿಂದ ವಾಟ್ಸಾಪ್ ಕರೆಗೂ ಅಲ್ಲಿ ಅಡ್ಡಿ ಆಗಿದೆ, ಮಾತಾಡಲು ಬೇರೆ ದಾರಿ ಯಾವುದು ಅಂತ ಸೀನಿಯರ್‌ಗಳನ್ನು ಮೊದಲೇ ಕೇಳಿಡಿ. ನಮಗೆ ಮೂರು ದಿನ ಫೋನ್ ಸಿಗದೆ ಇವಳ ತಾಯಿ ದೇವರ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಇನ್ನೊಂದು. "ಹೇಗಿದ್ದೀಯ" ಅಂತ ಕೇಳಿದರೆ ಮಕ್ಕಳು "ಚೆನ್ನಾಗಿದ್ದೇನೆ" ಅಂತಲೇ ಹೇಳುತ್ತಾರೆ. ನಾನು ಈಗ ಕೇಳುವುದು "ಇವತ್ತು ಮಧ್ಯಾಹ್ನ ಏನು ತಿಂದೆ, ಯಾರ ಜೊತೆ ತಿಂದೆ" ಅಂತ. ಒಬ್ಬಳೇ ತಿಂದೆ ಅಂತ ನಾಲ್ಕು ದಿನ ಹೇಳಿದರೆ ಏನೋ ಸರಿ ಇಲ್ಲ ಅಂತ ನನಗೆ ಗೊತ್ತಾಗುತ್ತದೆ. ಆಗ ಅವಳ ತಾಯಿಯ ಕೈಗೆ ಫೋನ್ ಕೊಡುತ್ತೇನೆ.

ಬೇಲೇಕೇರಿ_ಅಣ್ಣ:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಊಟ ಆದ ಮೇಲೆ ಎಲ್ಲರ ಎದುರು ಓದಿ ಹೇಳಿದೆ. ಅಪ್ಪ ಎಫ್‌ಎಂಜಿಇ ಭಾಗ ಎರಡು ಸಲ ಓದಿಸಿದರು. ತಂಗಿ ಏನೂ ಮಾತಾಡಲಿಲ್ಲ, ಬೆಳಿಗ್ಗೆ ನೋಡಿದರೆ ಕ್ಯಾಲೆಂಡರ್ ಹಿಂಭಾಗದಲ್ಲಿ ಝೋತ್, ದಾವಿತ್, ಬಾಲೀತ್ ಅಂತ ಬರೆದಿಟ್ಟಿದ್ದಾಳೆ. ಒಣ ಸಿಗಡಿ ಡಬ್ಬಿಗೆ ವಾಪಸ್ ಹೋಯಿತು. ಅಕ್ಕಾ, ಹೊರಡುವ ಮೊದಲು ಇಲ್ಲೇ ರಷ್ಯನ್ ಸ್ವಲ್ಪ ಕಲಿಯಬಹುದಾ?

ಅಘನಾಶಿನಿ_ದಂಡೆ:

ಖಂಡಿತ. 33 ಅಕ್ಷರ, ಒಂದು ವಾರ ಸಾಕು. ಇಂಗ್ಲಿಷಿನ ಪಿ ತರ ಕಾಣುವುದನ್ನು ರ ಅಂತ, ಎಚ್ ತರ ಕಾಣುವುದನ್ನು ನ ಅಂತ ಓದಬೇಕು, ಅಲ್ಲೇ ಮೊದಲು ಎಡವುವುದು. ಅಕ್ಷರ ಬಂದರೆ ಬಸ್ಸಿನ ಬೋರ್ಡು, ಔಷಧಿ ಅಂಗಡಿಯ ಹೆಸರು ಅವಳೇ ಓದಿಕೊಳ್ಳುತ್ತಾಳೆ, ಅರ್ಧ ಭಯ ಅಲ್ಲೇ ಹೋಗುತ್ತದೆ. ನಾನೂ ಆಗಸ್ಟ್ ಕೊನೆಗೆ ಹೊರಡುತ್ತೇನೆ. ಅವಳ ಟಿಕೆಟ್ ಆದ ಕೂಡಲೇ ತಾರೀಕು ಹೇಳಿ, ದೆಹಲಿಯಿಂದ ಒಟ್ಟಿಗೆ ಹೋಗಲು ಆಗುತ್ತದಾ ನೋಡೋಣ. ಆಯಿಗೆ ಹೇಳಿ, ಮುರುಗಲು ಸಿಪ್ಪೆ ಸ್ವಲ್ಪ ಜಾಸ್ತಿಯೇ ಇಡಲಿ, ಆ ಕೋಡಿಬಾಗದ ಹುಡುಗನದು ಡಿಸೆಂಬರ್‌ಗೇ ಮುಗಿದುಹೋಗುತ್ತದೆ.