ಪದಚರ್ಚೆ: ಜ್ಯೂರಿ ಮುಂದೆ ಇಡುವಷ್ಟು ಸಾಕ್ಷ್ಯ ಇಲ್ಲ – ಇದನ್ನು ಹೇಗೆ ಹೇಳೋಣ?

ಗೆಳೆಯರೇ, ಇಂಗ್ಲೆಂಡಿನ ಕ್ರೌನ್ ಕೋರ್ಟ್ ಕುರಿತ ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಸಂಜೆಯೊಳಗೆ ಕೊಡಬೇಕು. ಪ್ರಾಸಿಕ್ಯೂಷನ್ ಸಾಕ್ಷಿಗಳೆಲ್ಲ ಮುಗಿದ ಮೇಲೆ ಆರೋಪಿಯ ವಕೀಲರು ಎದ್ದು 'ನೋ ಕೇಸ್ ಟು ಆನ್ಸರ್' ಎನ್ನುತ್ತಾರೆ, ಅಂದರೆ ಕೇಸನ್ನು ಇಲ್ಲಿಗೇ ನಿಲ್ಲಿಸಿ ಎಂದು ಜಡ್ಜ್ ಅವರನ್ನು ಕೇಳುತ್ತಾರೆ. 'ಕೇಸಿನಲ್ಲಿ ಹುರುಳಿಲ್ಲ' ಅಂತ ಹಾಕಿದ್ದೇನೆ. ಸರೀನಾ? ಜ್ಯೂರಿಗೆ 'ಪಂಚರು' ಆಗುತ್ತಾ?

---

'ಜ್ಯೂರಿ'ಯ ಬೇರು ಲ್ಯಾಟಿನ್. ಆಣೆ ಇಡುವುದು ಎಂದು ಅರ್ಥ. ಆಣೆಯಿಟ್ಟು ಕೂತು, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ 12 ಜನ ಅವರು. 'ಆಣೆಗಾರರು' ಅನ್ನಿ. 'ಕೇಸು' ಬೇಡವೇ ಬೇಡ. ನಮ್ಮಲ್ಲಿ ಪದ ಇಲ್ಲವೆಂದು ಸಾಲ ತಂದರೆ, ಇರುವ ಬೇರುಗಳೂ ಒಣಗುತ್ತವೆ.

---

'ಆಣೆಗಾರರು' ಬೇಡ. ಸಬ್‌ಟೈಟಲ್ ಓದುವವರಿಗೆ ಇರುವುದು ಎರಡೇ ಸೆಕೆಂಡು.

'ಪಂಚರು' ಖಂಡಿತ ತಪ್ಪು. ನಮ್ಮ ಕೋರ್ಟುಗಳಲ್ಲಿ ಪಂಚರು ಎಂದರೆ ಮಹಜರಿಗೆ ಸಹಿ ಹಾಕುವವರು. 'ಜ್ಯೂರಿ' ಅಂತಲೇ ಇರಲಿ.

'ಹುರುಳಿಲ್ಲ' ಎಂದರೆ ಸಾಕ್ಷ್ಯವೇ ಪೊಳ್ಳು ಎಂದಾಯಿತು. ಇಲ್ಲಿ ಜಡ್ಜ್ ಅಷ್ಟು ದೂರ ಹೋಗುವುದಿಲ್ಲ. 1981ರ ಗಾಲ್‌ಬ್ರೇತ್ ಪ್ರಕರಣದಲ್ಲಿ ಇಂಗ್ಲೆಂಡಿನ ಆಗಿನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಲೇನ್ ಇದನ್ನು ಬಿಡಿಸಿ ಹೇಳಿದರು. ಸಾಕ್ಷ್ಯವೇ ಇಲ್ಲದಿದ್ದರೆ ಕೇಸು ಅಲ್ಲಿಗೇ ನಿಲ್ಲಬೇಕು. ಇದ್ದದ್ದು ತೀರಾ ದುರ್ಬಲವಾಗಿದ್ದು, ಅದನ್ನು ಪ್ರಾಸಿಕ್ಯೂಷನ್ನಿಗೆ ಎಷ್ಟು ಅನುಕೂಲವಾಗಿ ನೋಡಿದರೂ ಜ್ಯೂರಿ ಸರಿಯಾಗಿ 'ಆರೋಪಿ ತಪ್ಪಿತಸ್ಥ' ಎಂಬ ತೀರ್ಮಾನಕ್ಕೆ ಬರಲಾರದು ಎನಿಸಿದರೂ ನಿಲ್ಲಬೇಕು. ಆದರೆ ಪ್ರಶ್ನೆ ಇರುವುದು ಸಾಕ್ಷಿಯನ್ನು ನಂಬಬೇಕೋ ಬೇಡವೋ ಎಂಬುದಾದರೆ, ಅದು ಜ್ಯೂರಿಯ ಕೆಲಸ. ಜಡ್ಜ್ ಕೈ ಹಾಕುವಂತಿಲ್ಲ. ಈ ಗೆರೆ ನಿಮ್ಮ ಮಾತಿನಲ್ಲಿ ಉಳಿಯಬೇಕು, ಅಲ್ವಾ?

ಪತ್ರಿಕೆಗಳ 'ಮೇಲ್ನೋಟಕ್ಕೆ'ಯೂ ಇಲ್ಲಿಗೆ ಸಲ್ಲದು. ಸಾಕ್ಷಿಗಳ ಪಾಟೀ ಸವಾಲು ಕೂಡ ಮುಗಿದಿರುತ್ತದೆ. ಇನ್ನೆಲ್ಲಿಯ ಮೇಲ್ನೋಟ? ನಮ್ಮ ಸೆಷನ್ಸ್ ಕೋರ್ಟಿನಲ್ಲೂ ಇಂಥ ಹಂತವಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 232ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 255ನೇ ಕಲಂ. ಸಾಕ್ಷ್ಯವೇ ಇಲ್ಲವೆನಿಸಿದರೆ ಜಡ್ಜ್ ಖುಲಾಸೆ ಮಾಡುತ್ತಾರೆ. ನಮ್ಮಲ್ಲಿ ಜ್ಯೂರಿ ಇಲ್ಲ, ಹಾಗಾಗಿ ಯಾರ ಮುಂದಿಡಬೇಕು ಎಂಬ ಪ್ರಶ್ನೆ ಬರುವುದಿಲ್ಲ.

ನನ್ನ ಸಲಹೆ: 'ಆರೋಪಿ ಉತ್ತರ ಕೊಡುವಷ್ಟು ಸಾಕ್ಷ್ಯ ಇಲ್ಲ.' 'ಉತ್ತರ' ಬಿಡಬೇಡಿ. ಇಡೀ ಮಾತು ನಿಂತಿರುವುದೇ ಅದರ ಮೇಲೆ.

ಇನ್ನು ಸಾಲದ ಮಾತು. ವಕೀಲ, ಜಾಮೀನು, ಖುಲಾಸೆ, ಫಿರ್ಯಾದಿ – ಎಲ್ಲ ಅರಬ್ಬಿ, ಪಾರ್ಸಿಯಿಂದ ಬಂದವು. ಹಳ್ಳಿಯ ಅಜ್ಜಿಗೂ 'ಜಾಮೀನು' ಗೊತ್ತು. 'ಕೇಸು' ಕೂಡ ಅದೇ ಸಾಲಿನಲ್ಲಿ ಕೂತಾಗಿದೆ, ಅದನ್ನು ಎಬ್ಬಿಸಬೇಡಿ.

---

'ಉತ್ತರ ಕೊಡುವಷ್ಟು ಸಾಕ್ಷ್ಯ ಇಲ್ಲ' ಅಂತ ಹಾಕಿದೆ. ಒಂದೇ ಸಾಲಿನಲ್ಲಿ ಕೂತಿತು. ವಂದನೆಗಳು.

---

'ಸಾಕ್ಷ್ಯ'ವೂ ಸಂಸ್ಕೃತವೇ. ಮುಂದಿನ ಸಲ ಮೊದಲು ಕನ್ನಡದಲ್ಲಿ ಹುಡುಕಿ.