ಊಲೈಟ್: 100 ಕ್ರೆಡಿಟ್‌ನಿಂದ ಮ್ಯಾಲ ಬರೋದು ಹ್ಯಾಂಗ, ಮೊದಲ ಏನ್ ತಗೋಬೇಕು?

ಗಂಜ್_ಪೈಲಟ್ (ಕಲಬುರಗಿ)

ಎಲ್ಲರಿಗೂ ಶರಣ್ರಿ. ಊಲೈಟ್ (ಬಾಹ್ಯಾಕಾಶದಾಗ ಹಡಗು ಹಾರಿಸಿ ವ್ಯಾಪಾರ, ಕಾಳಗ ಮಾಡೋ ಕಂಪ್ಯೂಟರ್ ಆಟ) ಆಡೋರು ಇಲ್ಲಿ ಇದ್ದೀರಿ ಅಂತ ಗೊತ್ತಾಗಿ ಕೇಳ್ಲಿಕತ್ತೀನಿ. ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ್ಯಾಮ್, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಜಾಯ್‌ಸ್ಟಿಕ್ ಇಲ್ಲ, ಕೀಬೋರ್ಡ್ ಒಂದೇ. ಹಡಗು ಶುರುವಿಗೆ ಕೊಡೋ ಕೋಬ್ರಾ ಮಾರ್ಕ್ 3, ಇರೋದು ಲೇವ್ ಅನ್ನೋ ಊರಾಗ (ಊರು ಅಂದ್ರ ಇಲ್ಲಿ ಗ್ರಹ), ಕೈಯಾಗ 100 ಕ್ರೆಡಿಟ್, ಅಂದ್ರ ಆಟದ ರೊಕ್ಕ.

ಇಷ್ಟು ರೊಕ್ಕದಾಗ ಯಾವ ಮಾಲು ತುಂಬಬೇಕು, ಯಾವ ಊರಿಗೆ ಒಯ್ಯಬೇಕು? 400 ಆದ ಕೂಡ್ಲೆ ದೊಡ್ಡ ಕಾರ್ಗೋ ಬೇ (ಮಾಲು ತುಂಬೋ ಜಾಗ) ಹಾಕಿಸಬೇಕೋ, ಇಲ್ಲಾ ಕೂಡಿಟ್ಟು 1000ದ ಬೀಮ್ ಲೇಸರ್ ತಗೋಬೇಕೋ? ಸ್ಟೇಷನ್ನಿನ ಬಾಗಲದಾಗ ಹೋಗುವಾಗ ಹಡಗು ಅಂಚಿಗೆ ಬಡೀತದ, ಅದಕ್ಕ ಸರಿಯಾದ ರೀತಿ ಯಾವುದು? ಮತ್ತ ಗ್ರಹದ ಕಡೆ ಹೋಗುವಾಗ ಜೆ ಒತ್ತಿದ್ರ ನಡುವ ನಿಂತು ಬಿಡ್ತದ, ಆಮ್ಯಾಲ ಮೂರ್ನಾಲ್ಕು ದರೋಡೆ ಹಡಗು ಒಮ್ಮೆಲೆ ಬರ್ತಾವ. ಇದಕ್ಕೇನು ಮಾಡಬೇಕು ಹೇಳ್ರಿ.

ತೊಗರಿ_ಕಣಜ (ಕಲಬುರಗಿ)

ವ್ಯಾಪಾರದ ಮಾತು ನಾ ಹೇಳ್ತೀನ್ರಿ, ಕಾಳಗದ ಮಾತು ಬಲ್ಲೋರು ಹೇಳ್ಲಿ.

ಎಫ್8 ಒತ್ತಿದ್ರ ಮಾರ್ಕೆಟ್, ಎಫ್7ನಾಗ ಊರಿನ ಮಾಹಿತಿ, ಎಫ್6 ನಕ್ಷೆ. ಲ್ಯಾಪ್‌ಟಾಪಿನಾಗ ಎಫ್ ಕೀಗೆ ಎಫ್‌ಎನ್ ಜೋಡಿ ಒತ್ತೋ ತ್ರಾಸ ಇದ್ರ ಮ್ಯಾಲಿನ ಸಾಲಿನ 1ರಿಂದ 8 ಅಂಕಿ ಒತ್ರಿ, ಅವೂ ಅದೇ ಕೆಲಸ ಮಾಡ್ತಾವ. ಎಫ್7ನಾಗ ಎರಡೇ ಸಾಲು ಮೊದಲು ಓದ್ರಿ: ಎಕಾನಮಿ ಮತ್ತ ಗವರ್ನಮೆಂಟ್. ಲೇವ್ ಶ್ರೀಮಂತ ಕೃಷಿ ಊರು. ಇಲ್ಲಿ ಫುಡ್ ಸುಮಾರು 4 ಕ್ರೆಡಿಟ್‌ಗೆ ಒಂದು ಟನ್, ಕೈಗಾರಿಕೆ ಊರಾಗ ಅದೇ 6ರಿಂದ 7ಕ್ಕ ಹೋಗ್ತದ. ಗಂಜಿನಾಗ ತೊಗರಿ ದರ ಮತ್ತ ಬೆಂಗಳೂರಾಗ ಬ್ಯಾಳಿ ದರ ನೋಡಿದಂಗ, ನಡುವಿನ ಅಂತರಾನೇ ನಿಮ್ಮ ಗಳಿಕೆ.

ಶುರುವಿಗೆ ಜಾಗ 20 ಟನ್. 20 ಟನ್ ಫುಡ್‌ಗೆ 80 ಕ್ರೆಡಿಟ್ ಒಳಗ ಆಗ್ತದ, ಉಳಿದದ್ದು ಇಂಧನಕ್ಕ ಇಟ್ಕೋರಿ. ಟ್ಯಾಂಕ್ ತುಂಬಿದ್ರ 7 ಜ್ಯೋತಿರ್ವರ್ಷ ಹೋಗ್ತದ, ಅಷ್ಟಕ್ಕ 15 ಕ್ರೆಡಿಟ್ ಹತ್ರ. ಬೆಲೆ ಹೆಚ್ಚಿನ ಮಾಲೇ ಛಲೋ ಅಂತ ಬಹಳ ಮಂದಿ ಮೊದಲೇ ಫರ್ಸ್ (ಪ್ರಾಣಿ ತುಪ್ಪಳ) ತಗೋತಾರ. ಅದು ತಪ್ಪು ಲೆಕ್ಕ. ರೊಕ್ಕ ಕಡಿಮಿ ಇದ್ದಾಗ ನೋಡಬೇಕಾದ್ದು ಹಾಕಿದ ಒಂದು ಕ್ರೆಡಿಟ್‌ಗೆ ಎಷ್ಟು ಬಂತು ಅಂತ, ಜಾಗ ಕಡಿಮಿ ಇದ್ದಾಗ ಒಂದು ಟನ್ನಿಗೆ ಎಷ್ಟು ಬಂತು ಅಂತ. ಫುಡ್ ಅರ್ಧದಿಂದ ಮುಕ್ಕಾಲು ಪಾಲು ಲಾಭ ಕೊಡ್ತದ ಹಾಕಿದ್ದರ ಮ್ಯಾಲ. ಫರ್ಸ್ ದರ ಏರಿಳಿತ ಬಹಳ, ಒಮ್ಮೊಮ್ಮೆ ಕೊಂಡದ್ದಕ್ಕಿಂತ ಕಡಿಮಿಗೇ ಮಾರಬೇಕಾಗ್ತದ.

ಲೇವ್ ಸುತ್ತ 7 ಜ್ಯೋತಿರ್ವರ್ಷದೊಳಗ ಝಾವೊನ್ಸ್, ಲೀಸ್ಟಿ, ಡಿಸೊ ಆವ. ಝಾವೊನ್ಸ್, ಲೀಸ್ಟಿ ಎರಡೂ ಕೈಗಾರಿಕೆ ಊರು, ಕಾರ್ಪೊರೇಟ್ ಸ್ಟೇಟ್, ದರೋಡೆ ಕಡಿಮಿ. ಡಿಸೊ ಕೃಷಿ ಊರು, ಡೆಮಾಕ್ರಸಿ, ಅದೂ ಶಾಂತ. ಲೇವ್‌ನಿಂದ ಒಮ್ಮೆ ಫುಡ್ ಒಯ್ದು ಲೀಸ್ಟಿನಾಗ ಮಾರ್ರಿ, ಅಲ್ಲಿಂದ ಮುಂದ ಲೀಸ್ಟಿ-ಡಿಸೊ ನಡುವನೇ ಓಡಾಡ್ರಿ. ಲೀಸ್ಟಿನಾಗ ಕಂಪ್ಯೂಟರ್ಸ್ 70ರ ಆಸುಪಾಸು ಸಿಗ್ತಾವ, ಡಿಸೊದಾಗ 90ರ ಮ್ಯಾಲ ಹೋಗ್ತಾವ. ಮೊದಲಿಗೆ ಒಂದೋ ಎರಡೋ ಟನ್ ಆಗ್ತದ ಅಷ್ಟೇ. ವಾಪಸ್ ಬರುವಾಗ ಫುಡ್, ರೊಕ್ಕ ಉಳಿದ್ರ ಲಿಕ್ಕರ್. ಕಂಪ್ಯೂಟರ್ಸ್ ದರ ಅಷ್ಟು ಅಲುಗಾಡಂಗಿಲ್ಲ, ನಂಬಿ ತುಂಬಬಹುದು. ಖಾಲಿ ಹಡಗು ಯಾವತ್ತೂ ಹೊಡೀಬ್ಯಾಡ್ರಿ, ಒಂದು ದಿಕ್ಕಿನ ಇಂಧನ ದಂಡ.

400 ಆದ ಕೂಡ್ಲೆ, ಇಂಧನ ಮತ್ತ ಮುಂದಿನ ಮಾಲಿನ ರೊಕ್ಕ ಬಿಟ್ಟು, ಎಫ್3ನಾಗ (ಹಡಗಿನ ಸಾಮಾನು ಕೊಳ್ಳೋ ಪರದೆ) ಲಾರ್ಜ್ ಕಾರ್ಗೋ ಬೇ ತಗೋರಿ. 20 ಇದ್ದದ್ದು 35 ಟನ್ ಆಗ್ತದ. 35 ಟನ್ ಕಂಪ್ಯೂಟರ್ಸ್‌ಗೆ 20-25 ಲಾಭ ಹಿಡಿದ್ರೂ ಒಂದು ಖೇಪಿಗೆ 700ರಿಂದ 875. ಬೀಮ್ ಲೇಸರ್ ಆಮ್ಯಾಲ ತಾನೇ ಬರ್ತದ.

ಎಫ್4ನಾಗ ಪಾರ್ಸೆಲ್ ಕಾಂಟ್ರ್ಯಾಕ್ಟ್ ಅಂತ ಇರ್ತದ, ಹೊಸ ಆವೃತ್ತಿಗಳಾಗ. ಅದಕ್ಕ ಕಾರ್ಗೋ ಜಾಗಾನೇ ಬ್ಯಾಡ. ಹೋಗೋ ದಾರಿಗೆ ಹೊಂದೋ ಪಾರ್ಸೆಲ್ ಇದ್ರ ಹಿಡ್ಕೋರಿ. ಅಪಾಯ ಇದೆ ಅಂತ ಬರೆದಿರೋದನ್ನ ಬಿಟ್ಟುಬಿಡ್ರಿ, ಅದರ ಹಿಂದ ಕೊಲೆಗಾರ ಹಡಗು ಬರ್ತಾವ.

ಕೋಟೆ_ಬಾಗಿಲು (ಬೀದರ್)

ಡಾಕಿಂಗ್ ಬಗ್ಗೆ, ಅಂದರೆ ಹಡಗನ್ನು ಸ್ಟೇಷನ್ನಿನೊಳಗೆ ಇಳಿಸುವುದರ ಬಗ್ಗೆ, ನಾನು ಬರೆಯುತ್ತೇನೆ. ಇದನ್ನು ಕೈಯಿಂದ ಮಾಡಲು ಕಲಿಯುವುದೇ ಒಳ್ಳೆಯದು; ಡಾಕಿಂಗ್ ಕಂಪ್ಯೂಟರ್ 1500 ಕ್ರೆಡಿಟ್, ಆ ಹಣಕ್ಕೆ ಶುರುವಿನಲ್ಲಿ ಬೇರೆ ಕೆಲಸ ಬಹಳ ಇದೆ.

ಬಡಿಯುವುದಕ್ಕೆ ಮುಖ್ಯ ಕಾರಣ ವೇಗವಲ್ಲ, ಓರೆಯಾಗಿ ಬರುವುದು. ಸ್ಟೇಷನ್ನಿನ ಬಾಗಿಲು ಗ್ರಹದ ಕಡೆ ಮುಖ ಮಾಡಿರುತ್ತದೆ, ಬಾಗಿಲಿನ ನೇರಕ್ಕೆ ಮುಂದೆ ಒಂದು ಬೋಯ್ (ದಾರಿ ಗುರುತಿನ ವಸ್ತು) ತೇಲುತ್ತಿರುತ್ತದೆ. ಹೆಚ್ಚಿನವರು ಸ್ಟೇಷನ್ ಕಂಡ ಕೂಡಲೇ ಅದರತ್ತ ನುಗ್ಗುತ್ತಾರೆ, ಆಗ ಬಾಗಿಲು ಪಕ್ಕದಿಂದ ಕಾಣುತ್ತದೆ. ಹಾಗೆ ಮಾಡಬೇಡಿ. ಮೊದಲು ಬೋಯ್ ಹತ್ತಿರ ಹೋಗಿ, ಅದನ್ನು ಬೆನ್ನಿಗೆ ಹಾಕಿಕೊಂಡು ಸ್ಟೇಷನ್ ಕಡೆ ತಿರುಗಿ. ಈಗ ಬಾಗಿಲು ಸ್ಟೇಷನ್ನಿನ ನಟ್ಟನಡುವೆ ಕಾಣಬೇಕು. ಮುಂದೆ ಹೋಗುತ್ತಾ ಅದು ನಡುವಿನಿಂದ ಸರಿದರೆ ನೀವು ಓರೆಯಲ್ಲಿದ್ದೀರಿ ಎಂದರ್ಥ. ಹತ್ತಿರ ಹೋಗಿ ತಿದ್ದಲು ನೋಡದೆ ಹಿಂದಕ್ಕೆ ಹೋಗಿ ಮತ್ತೆ ಬನ್ನಿ.

ಹೊರಡುವ ಮುನ್ನ ಶಿಫ್ಟ್ ಜೊತೆ ಹೈಫನ್ ಕೀ ಒತ್ತಿ, ಅಂದರೆ ಅಂಡರ್‌ಸ್ಕೋರ್. ಆಯುಧಗಳು ಬಂದ್ ಆಗುತ್ತವೆ. ಬೆರಳು ತಪ್ಪಿ ಎ ಒತ್ತಿದರೆ ಸ್ಟೇಷನ್ನಿಗೇ ಗುಂಡು ಬೀಳುತ್ತದೆ, ಪೊಲೀಸರ ವೈಪರ್ ಹಡಗುಗಳು ಹೊರಬರುತ್ತವೆ, ನಿಮ್ಮ ಹೆಸರು ಕ್ಲೀನ್ ಪಟ್ಟಿಯಿಂದ ಹೋಗುತ್ತದೆ.

ನಂತರ ಎಸ್ ಒತ್ತಿ ವೇಗ ಇಳಿಸಿ. ಬಾಗಿಲು ಸೀಳಿನಂತೆ ಉದ್ದಗೆ ಇದೆ, ಹಡಗಿನ ರೆಕ್ಕೆಗಳು ಆ ಉದ್ದಕ್ಕೆ ಸಮಾನಾಂತರವಾಗಿರಬೇಕು. ಸ್ಟೇಷನ್ ತಿರುಗುತ್ತಲೇ ಇರುವುದರಿಂದ ಎಡ ಅಥವಾ ಬಲ ಬಾಣದ ಕೀಯಿಂದ ನೀವೂ ಅದೇ ದಿಕ್ಕಿಗೆ ಉರುಳಬೇಕು. ಕೀಬೋರ್ಡಿನಲ್ಲಿ ಕೀ ಬಿಟ್ಟ ಕೂಡಲೇ ಉರುಳುವುದು ನಿಲ್ಲುತ್ತದೆ, ಹಿಡಿದೇ ಇದ್ದರೆ ಸ್ಟೇಷನ್ನಿಗಿಂತ ವೇಗವಾಗಿ ತಿರುಗಿಬಿಡುತ್ತದೆ. ಆದ್ದರಿಂದ ಟಕ್ ಟಕ್ ಎಂದು ಚಿಕ್ಕದಾಗಿ ಒತ್ತುತ್ತಿರಿ. ದೂರದಿಂದಲೇ ಉರುಳಲು ಶುರು ಮಾಡುವ ಅಗತ್ಯವಿಲ್ಲ, ಕೊನೆಯ ಒಂದು ಕಿಲೋಮೀಟರ್ ಸಾಕು. ಬಾಗಿಲು ಪರದೆ ತುಂಬಿದಾಗ ಮೇಲೆ-ಕೆಳಗೆ ಬಾಣದ ಕೀಗಳನ್ನು ಮುಟ್ಟಬೇಡಿ. ಆ ಕ್ಷಣದಲ್ಲಿ ಮೂಗು ಎತ್ತಿ ಸರಿಮಾಡಲು ಹೋಗುವುದರಿಂದಲೇ ಅಂಚು ತಗಲುತ್ತದೆ.

ಬೇರೆ ಹಡಗು ಹೊರಬರುತ್ತಿದ್ದರೆ ಬಾಗಿಲಲ್ಲೇ ಡಿಕ್ಕಿಯಾಗಬಹುದು. ಸ್ಟೇಷನ್ನನ್ನು ಟಾರ್ಗೆಟ್ ಮಾಡಿ, ಅಂದರೆ ಆರ್ ಒತ್ತಿ ನಡುಗುರಿಗೆ ತಂದು, ಶಿಫ್ಟ್ ಎಲ್ ಒತ್ತಿದರೆ ಒಳಬರಲು ಅನುಮತಿ ಕೇಳುತ್ತದೆ. ಸಾಮಾನ್ಯವಾಗಿ ಇದು ಕಡ್ಡಾಯವಲ್ಲ, ಆದರೆ ಕೇಳುವುದು ಒಳ್ಳೆಯ ಅಭ್ಯಾಸ. ಮುಂದೆ ಡಾಕಿಂಗ್ ಕಂಪ್ಯೂಟರ್ ಕೊಂಡ ಮೇಲೆ ಸಿ ಒತ್ತಿದರೆ ತಾನೇ ಹೋಗುತ್ತದೆ, ಶಿಫ್ಟ್ ಡಿ ಒತ್ತಿದರೆ ನೇರ ಒಳಗೆ.

ಭೀಮಾ_ದಂಡೆ (ಯಾದಗಿರಿ)

ತೊಗರಿ ಅಣ್ಣಾವ್ರ ಲೆಕ್ಕ ಎಲ್ಲಾ ಸರಿ ಅದ, ಕಾರ್ಗೋ ಬೇ ಆದಮ್ಯಾಲ ಬೀಮ್ ಲೇಸರ್ ಅಂದದ್ದಕ್ಕ ಮಾತ್ರ ನಾ ಒಪ್ಪಂಗಿಲ್ಲ. ಎರಡನೇದು ಫ್ಯೂಯೆಲ್ ಇಂಜೆಕ್ಟರ್ಸ್ ಇರಬೇಕು, 600 ಕ್ರೆಡಿಟ್. ಮೂರನೇದು ಇಸಿಎಂ (ಮಿಸೈಲ್ ಒಡೆಯೋ ಸಾಧನ), ಅದೂ 600. ಬೀಮ್ ಲೇಸರ್ ನಾಲ್ಕನೇದು.

ಯಾಕಂದ್ರ, ಮೊದಲ ಜೆ ಕೀ ವಿಷಯ ತಿಳ್ಕೋರಿ. ಜೆ ಅಂದ್ರ ಟೋರಸ್ ಡ್ರೈವ್, ದೂರದ ದಾರಿ ಬೇಗ ಮುಗಿಸೋ ಯಂತ್ರ. ಸ್ಕ್ಯಾನರ್ ದೂರ 25.6 ಕಿಲೋಮೀಟರ್. ಅಷ್ಟರೊಳಗ ಬ್ಯಾರೆ ಹಡಗು ಬಂದ್ರ ಡ್ರೈವ್ ಕೆಲಸ ಮಾಡಂಗಿಲ್ಲ, ಅದಕ್ಕ ಮಾಸ್ ಲಾಕ್ ಅಂತಾರ. ವ್ಯಾಪಾರಿ ಬಂದ್ರೂ ಅಷ್ಟೇ, ದರೋಡೆಕೋರ ಬಂದ್ರೂ ಅಷ್ಟೇ. ಆಗ ನಿಮ್ಮ ಕೋಬ್ರಾ ಮತ್ತ ಅವರ ಹಡಗು ಹೆಚ್ಚುಕಡಿಮಿ ಒಂದೇ ವೇಗದಾಗ ಇರ್ತಾವ, ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಇಂಜೆಕ್ಟರ್ ಇದ್ರ ಐ ಒತ್ತಿ ಹಿಡಿದ್ರ ಮಾಮೂಲಿ ವೇಗದ 7 ಪಟ್ಟು ಓಡ್ತದ. ಬೆನ್ನು ಹತ್ತಿದ ಮಿಸೈಲ್ ಕೂಡ ಹಿಂದ ಬೀಳ್ತದ. ಸ್ಕ್ಯಾನರ್ ಖಾಲಿ ಆದ ಕೂಡ್ಲೆ ಮತ್ತ ಜೆ.

ಒಂದು ಎಚ್ಚರ: ಇಂಜೆಕ್ಟರ್ ಕುಡಿಯೋದು ಹೈಪರ್‌ಸ್ಪೇಸ್ ಇಂಧನಾನೇ, ಅಂದ್ರ ಊರಿಂದ ಊರಿಗೆ ಜಿಗಿಯೋ ಇಂಧನ. ಪೂರ್ತಿ ಸುಟ್ಟ್ರ ಆ ಊರು ಬಿಟ್ಟು ಜಿಗಿಯೋ ದಾರಿ ಮುಚ್ಚಿತು. ಅದಕ್ಕ 7 ಜ್ಯೋತಿರ್ವರ್ಷದ ಇಂಧನ ಪೂರ್ತಿ ಉಪಯೋಗಿಸೋ ಜಿಗಿತ ಹಾಕಬ್ಯಾಡ್ರಿ, ಬಂದಿಳಿದಾಗ ಒಂದೆರಡು ಉಳಿದಿರಬೇಕು. ಇಂಜೆಕ್ಟರ್ ಕಡಿಮಿ ಟೆಕ್ ಲೆವೆಲ್ ಊರಾಗ ಸಿಗಂಗಿಲ್ಲ, ದೊಡ್ಡ ಕೈಗಾರಿಕೆ ಊರಿನ ಎಫ್3 ನೋಡ್ರಿ.

ಇನ್ನ ದಾರಿ. ಹೈಪರ್‌ಸ್ಪೇಸಿನಿಂದ ಇಳಿಯೋ ಜಾಗ ಮತ್ತ ಗ್ರಹದ ನಡುವ ಒಂದು ನೇರ ಗೆರಿ ಅದ, ಎಲ್ಲಾ ಹಡಗು ಅದರ ಮ್ಯಾಲೇ ಓಡಾಡ್ತಾವ, ದರೋಡೆಕೋರರು ಕಾಯೋದೂ ಅಲ್ಲೇ. ರೊಕ್ಕ ಇಲ್ಲದ ಕಾಲಕ್ಕ ಇದಕ್ಕಿಂತ ಛಲೋ ಉಪಾಯ ಇನ್ನೊಂದಿಲ್ಲ: ಇಳಿದ ಕೂಡ್ಲೆ ಗ್ರಹದ ಕಡೆ ಹೋಗದ 90 ಡಿಗ್ರಿ ಅಡ್ಡ ತಿರುಗಿ ಜೆ ಒತ್ರಿ. ಸ್ವಲ್ಪ ದೂರ ಹೋದ ಮ್ಯಾಲ ಗ್ರಹದ ಕಡೆ ಮುಖ ಮಾಡಿ ಮತ್ತ ಜೆ. ದಾರಿ ಉದ್ದ ಆಗ್ತದ ಖರೇ, ನಡುವ ಮಾಸ್ ಲಾಕ್ ಬಹಳ ಕಡಿಮಿ ಆಗಿ ಒಟ್ಟು ಹೊತ್ತು ಉಳೀತದ.

ಕಾದಾಡಲೇಬೇಕು ಅಂದ್ರ ಮೊದಲ ಎಣಿಸ್ರಿ. ಒಬ್ಬ ಇದ್ರ ಶುರುವಿಗೆ ಇರೋ ಪಲ್ಸ್ ಲೇಸರ್ ಸಾಕು. ಪಲ್ಸ್ 12.5 ಕಿಲೋಮೀಟರ್ ಮುಟ್ತದ, ಬೀಮ್ 15, ಮಿಲಿಟರಿ ಲೇಸರ್ 30, ಅದರ ಬೆಲೆ 6000. ಕೀ ಒತ್ತಿ ಹಿಡಿದೇ ಬಿಟ್ಟ್ರ ಲೇಸರ್ ಕಾದು ನಿಂತು ಬಿಡ್ತದ. ಗುರಿ ನಡುವ ಬಂದಾಗಷ್ಟೇ ಹೊಡೀರಿ. ಮುಂದಿನ ಶೀಲ್ಡ್ ಬ್ಯಾರೆ, ಹಿಂದಿನ ಶೀಲ್ಡ್ ಬ್ಯಾರೆ. ಮುಂದಿನದು ಇಳಿದ್ರ ತಿರುಗಿ ಹಿಂಭಾಗ ಕೊಟ್ಟು ಓಡ್ರಿ, ಅಷ್ಟರಾಗ ಮುಂದಿನದು ತುಂಬ್ಕೋತದ. ಖಾಲಿ ಆದ ಶೀಲ್ಡಿನ ಕಡೆ ಏಟು ಬಿದ್ರ ಕಾರ್ಗೋ, ಸಾಮಾನು ಒಡೀಲಿಕ್ಕೆ ಶುರು ಆಗ್ತದ.

ಮಿಸೈಲ್ ಬಂತು ಅಂತ ತೋರಿಸಿದ್ರ ಇ ಒತ್ರಿ, ಇಸಿಎಂ ಅದನ್ನ ಗಾಳಿಯಾಗೇ ಒಡೀತದ. ನಿಮ್ಮ ಮಿಸೈಲ್ ಹಾರಿಸಿದ್ದಿದ್ರ ಅದನ್ನೂ ಒಡೀತದ ಅನ್ನೋದು ನೆನಪಿರ್ಲಿ. ನಿಮ್ಮದನ್ನ ಬಿಡೋಕೆ ಟಿ ಒತ್ತಿ ಗುರಿ ಹಿಡಿದು ಎಂ. ಮೂರು ಇರ್ತಾವ, ಒಂದಕ್ಕ 30 ಕ್ರೆಡಿಟ್. ಸಣ್ಣ ದರೋಡೆಕೋರನ ಮ್ಯಾಲ ವ್ಯರ್ಥ ಮಾಡಬ್ಯಾಡ್ರಿ. ಅವರು ಮಾಲು ಬಿಸಾಕು ಅಂತ ಮೆಸೇಜ್ ಹಾಕಿದ್ರ, ಓಡ್ಲಿಕ್ಕೂ ಆಗದ ಹೊತ್ತಿನಾಗ ಡಿ ಒತ್ತಿ ಕೆಲ ಟನ್ ಬಿಡೋದು ನಾಚಿಕಿ ಮಾತಲ್ಲ. ಫುಡ್ ಹೋದ್ರ 4 ಕ್ರೆಡಿಟ್ ಟನ್ನಿಗೆ, ಹಡಗು ಹೋದ್ರ ಎಲ್ಲಾ ಹೋತು.

ಗಂಜ್_ಪೈಲಟ್ (ಕಲಬುರಗಿ)

ಭಾಳ ಉಪಕಾರ ಆತ್ರಿ ಅಣ್ಣಾ, ಮೂವರಿಗೂ. ಇನ್ನೆರಡು ಕೇಳ್ತೀನಿ. ಮಾರ್ಕೆಟ್ಟಿನಾಗ ನಾರ್ಕೋಟಿಕ್ಸ್ ದರ ಊರಿಂದ ಊರಿಗೆ ಭಾರೀ ಫರಕ್ ತೋರಿಸ್ತದ, ಅದು ತುಂಬಿದ್ರ ಏನಾಗ್ತದ? ಮತ್ತ ನಮ್ಮ ಕಡೆ ಬ್ಯಾಸಗಿನಾಗ ಕರೆಂಟ್ ಯಾವಾಗ ಹೋಗ್ತದೋ ಹೇಳ್ಲಿಕ್ಕಾಗಲ್ಲ, ಬ್ಯಾಟರಿ ಬರೀ ಹತ್ತು ನಿಮಿಷ ತಡೀತದ. ಆಟ ಉಳಿಸೋದು ಹ್ಯಾಂಗ? ಮಧ್ಯಾಹ್ನ ಆಡಿದ್ರ ಆಟ ತಡೆದು ತಡೆದು ಓಡ್ತದ, ಅದೂ ಒಂದು.

ತೊಗರಿ_ಕಣಜ (ಕಲಬುರಗಿ)

ನಾರ್ಕೋಟಿಕ್ಸ್, ಸ್ಲೇವ್ಸ್, ಫೈರ್‌ಆರ್ಮ್ಸ್ ಮೂರೂ ಕಾನೂನಿಗೆ ಹೊರಗಿನ ಮಾಲು. ಮುಖ್ಯ ಸ್ಟೇಷನ್ನಿನಿಂದ ತುಂಬ್ಕೊಂಡು ಹೊರಟಾಗ ನಿಮ್ಮ ಹೆಸರು ಕೆಡ್ತದ, ಎಷ್ಟು ಟನ್ನೋ ಅಷ್ಟು ಹೆಚ್ಚು. ಕ್ಲೀನ್ ಇದ್ದದ್ದು ಅಫೆಂಡರ್ (ತಪ್ಪು ಮಾಡಿದಾಂವ), ಆಮ್ಯಾಲ ಫ್ಯೂಜಿಟಿವ್ (ತಲೆಮರೆಸಿಕೊಂಡಾಂವ). ಪೊಲೀಸರು ಕಂಡಲ್ಲೇ ಹೊಡೀತಾರ, ಆಗ ಕಾರ್ಪೊರೇಟ್ ಊರಿನ ಶಾಂತಿ ನಿಮಗ ಉಪಯೋಗ ಇಲ್ಲ. ಹೈಪರ್‌ಸ್ಪೇಸ್ ಜಿಗಿದಂಗ ಜಿಗಿದಂಗ ಹೆಸರು ನಿಧಾನಕ್ಕ ತೊಳೀತದ. ಕಂಪ್ಯೂಟರ್ಸ್ ಓಡ್ತಾ ಇರೋವಾಗ ಆ ತಲೆನೋವು ಯಾಕ ಬೇಕ್ರಿ. ರೀಡ್‌ಕ್ವಾಟ್ ಅಂತ ಲೇವ್ ಹತ್ರಾನೇ ಒಂದು ಅನಾರ್ಕಿ (ಕಾನೂನಿಲ್ಲದ) ಊರು ಅದ, ಅಲ್ಲಿಗೂ ಈಗಲೇ ಕಾಲಿಡಬ್ಯಾಡ್ರಿ. ಇಂಜೆಕ್ಟರ್, ಇಸಿಎಂ, ಬೀಮ್ ಮೂರೂ ಆಗ್ಲಿ.

ಇನ್ನೊಂದು ಯಾರೂ ಹೇಳ್ಲಿಲ್ಲ. ಎಫ್3ನಾಗ ಮೆಂಟೆನನ್ಸ್ ಓವರ್‌ಹಾಲ್ ಅಂತ ಬಂದ್ರ ಮುಂದೂಡಬ್ಯಾಡ್ರಿ. ಸರ್ವಿಸ್ ಆಗದ ಹಡಗಿನ ಮಾರೋ ಬೆಲೆ ಇಳೀತದ, ಹೈಪರ್‌ಸ್ಪೇಸ್ ಜಿಗಿತದಾಗ ಇಂಧನ ಸೋರೋದು, ಜಿಗಿತ ಕೆಡೋದು ಹೆಚ್ಚಾಗ್ತದ. ಜಿಗಿತ ಕೆಟ್ರ ಎರಡು ಊರಿನ ನಡುವ ಬೀಳ್ತೀರಿ, ಅಲ್ಲಿ ಥಾರ್ಗಾಯ್ಡ್ ಅನ್ನೋ ಅನ್ಯಲೋಕದ ವೈರಿಗಳ ಹಡಗು ಕಾಯ್ತಿರ್ತಾವ, ಇಂಧನ ಸಾಲದಿದ್ರ ಹೊರಬರೋ ದಾರಿ ಇಲ್ಲ. ಭೀಮಾ ದಂಡೆಯವರು ಒಂದೆರಡು ಜ್ಯೋತಿರ್ವರ್ಷ ಉಳಿಸ್ರಿ ಅಂದದ್ದಕ್ಕ ಇದೂ ಒಂದು ಕಾರಣ. ಆ ಇಂಜೆಕ್ಟರ್ ಮಾತು ನಾನೂ ಒಪ್ತೀನಿ, ಅದೇ ಎರಡನೇದಾಗ್ಲಿ.

ಕೋಟೆ_ಬಾಗಿಲು (ಬೀದರ್)

ಆಟ ಉಳಿಸಲು ಡಾಕ್ ಆಗಿರಲೇಬೇಕು, ಹಾರುವಾಗ ಸೇವ್ ಮಾಡಲು ಬರುವುದಿಲ್ಲ. ಎಫ್2 ಒತ್ತಿ ಸೇವ್ ಮಾಡಿ. ಅದೇ ಪರದೆಯ ಗೇಮ್ ಆಪ್ಷನ್ಸ್‌ನಲ್ಲಿ ಆಟೋಸೇವ್ ಆನ್ ಮಾಡಿದರೆ ಪ್ರತಿ ಸಲ ಸ್ಟೇಷನ್ ಬಿಡುವಾಗ ತಾನೇ ಉಳಿಸುತ್ತದೆ. ಹಾಗಾಗಿ ಕರೆಂಟ್ ಹೋದರೂ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಖೇಪು. ಬ್ಯಾಟರಿ ಹತ್ತು ನಿಮಿಷ ತಡೆಯುತ್ತದೆ ಎಂದರೆ ಪಿ ಒತ್ತಿ ನಿಲ್ಲಿಸಿ ಕಾಯಬೇಡಿ. ಹತ್ತಿರದ ಸ್ಟೇಷನ್ನಿಗೆ ಹೋಗಿ ಇಳಿದು ಸೇವ್ ಮಾಡಿ.

ತಡೆದು ಓಡುವುದಕ್ಕೆ ಗೇಮ್ ಆಪ್ಷನ್ಸ್‌ನಲ್ಲಿ ಡೀಟೇಲ್ ಮಟ್ಟವನ್ನು ಮಿನಿಮಮ್‌ಗೆ ಇಳಿಸಿ. ಶೇಡರ್ಸ್ (ಬೆಳಕು-ನೆರಳಿನ ಚಿತ್ರಣ) ಇರುವ ಮಟ್ಟ ಒಳಗಿನ ಗ್ರಾಫಿಕ್ಸ್ ಚಿಪ್ಪಿಗೆ ಭಾರ. ಪರದೆಯ ರೆಸಲ್ಯೂಷನ್ ಕೂಡ ಒಂದು ಮೆಟ್ಟಿಲು ಇಳಿಸಿ. ಎಕ್ಸ್‌ಪಾನ್ಷನ್ ಪ್ಯಾಕ್‌ಗಳನ್ನು (ಆಟಕ್ಕೆ ಸೇರಿಸುವ ಹೆಚ್ಚುವರಿ ಫೈಲುಗಳು) ಹಾಕಿದ್ದರೆ, ಹಡಗುಗಳ ಚಿತ್ರವನ್ನು ಬದಲಿಸುವಂಥವನ್ನು ಮೊದಲು ತೆಗೆಯಿರಿ, ಮೆಮೊರಿಯನ್ನು ಹೆಚ್ಚು ತಿನ್ನುವುದು ಅವೇ. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಹಳೆಯ ಲ್ಯಾಪ್‌ಟಾಪ್ ಕಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ಫ್ಯಾನಿನ ಧೂಳು ತೆಗೆಸಿ, ಹಿಂಬದಿಗೆ ಎರಡು ಬೆರಳು ಎತ್ತರ ಕೊಡಿ. ಬೆಳಿಗ್ಗೆ ಸರಾಗವಾಗಿ ಓಡಿ ಮಧ್ಯಾಹ್ನ ಮಾತ್ರ ತಡೆಯುತ್ತಿದ್ದರೆ ಕಾರಣ ಇದೇ, ಆಟದ್ದಲ್ಲ.

ಭೀಮಾ_ದಂಡೆ (ಯಾದಗಿರಿ)

ಎಸ್ಕೇಪ್ ಪಾಡ್ ಕೂಡ ಪಟ್ಟಿಗೆ ಸೇರಿಸ್ರಿ, 1000 ಕ್ರೆಡಿಟ್, ಬೀಮ್ ಲೇಸರ್ ಆದಮ್ಯಾಲ. ಹಡಗು ಒಡೆಯೋ ಹೊತ್ತಿಗೆ ಎಸ್ಕ್ ಕೀ ಎರಡು ಸಲ ಒತ್ತಿದ್ರ ಜೀವ ಉಳೀತದ, ಹಡಗೂ ವಾಪಸ್ ಸಿಗ್ತದ, ಕಾರ್ಗೋ ಮಾತ್ರ ಹೋಗ್ತದ. ವಾಪಸ್ ಬಂದ ಮ್ಯಾಲ ಪಾಡ್ ಮತ್ತ ಹೊಸದಾಗಿ ಕೊಳ್ಳಬೇಕು, ಅದನ್ನ ಮರೀದ ಎಫ್3ನಾಗ ನೋಡಿಯೇ ಹೊರಡ್ರಿ.